ಹೆಸರುಳ್ಳ ಮರ, ಹೆಸರಿಲ್ಲದ ಮರ

೨೦೨೧ನೆಯ ಇಸವಿಯ ಸೆಪ್ಟೆಂಬರ್ ತಿಂಗಳಿನಲ್ಲಿ ಅಮೆರಿಕೆಯ ಕ್ಯಾಲಿಫೋರ್ನಿಯಾ ಪ್ರಾಂತದ ಬೆಟ್ಟಗಾಡಿನಲ್ಲಿ ಸಿಡಿಲಿನಿಂದ ಹೊತ್ತಿದ ಕಾಳ್ಗಿಚ್ಚು ಒಂದು ಮರವಿದ್ದ ತೋಪಿನ ಕಡೆಗೆ ಸಾಗಿಬರುತ್ತಿದ್ದಿತು. ಆಗ ಬೆಂಕಿಯ ದಳದವರು ಆ ಮರದ ಬುಡದ ಸುತ್ತಲೂ ಉರಿಯನ್ನು ತಡೆಯುವ ಅಲ್ಯೂಮಿನಿಯಂ ಹೊದಿಕೆಯನ್ನು ಸುತ್ತಿ ಅದನ್ನು ಕಾದರು. ಮನೆಯಲ್ಲಿ ಜ್ವರಪೀಡಿತನಾದ ಹಿರಿಯನಿಗೆ ಕಂಬಳಿ ಹೊದಿಸುವಂತೆ ಒಂದು ಮರಕ್ಕೆ ಹೊದಿಕೆ ಹೊದಿಸಿದ ಆ ಚಿತ್ರವು ಲೋಕದ ಪತ್ರಿಕೆಗಳಲ್ಲೆಲ್ಲ ಪ್ರಕಟವಾಯಿತು. ಮರವು ಉಳಿಯಿತು. ಅದರ ಹೆಸರು ಜನರಲ್ ಷೆರ್ಮನ್.

ಆ ಚಿತ್ರವನ್ನು ಕಂಡು ಬೆರಗಾದ ನಮ್ಮ ವಾಚಕರಲ್ಲಿ ಅನೇಕರು ಉಡುಪಿಯಿಂದ ಉದ್ಯಾವರದ ಸೇತುವೆಯನ್ನು ದಾಟಿ ಕಾಪುವಿನ ಕಡೆಗೆ ದಿನವೂ ಹೋಗಿಬರುವವರು. ಆ ಹೆದ್ದಾರಿಯನ್ನು ೨೦೧೦ರ ನಂತರದ ವರ್ಷಗಳಲ್ಲಿ ಕುಂದಾಪುರದಿಂದ ಸುರತ್ಕಲ್ಲಿನವರೆಗೆ ನಾಲ್ಕು ಪಥಗಳಿಗೆ ಅಗಲಿಸಲಾಯಿತೆಂಬುದೂ, ಆಗ ಇಕ್ಕೆಲಗಳ ಮರಗಳು ಉರುಳಿದುವೆಂಬುದೂ ಅವರಿಗೆ ತಿಳಿಯದ ಸಂಗತಿಯಲ್ಲ. ಹಾಗೆ ಉರುಳಿದ ಮರಗಳಲ್ಲಿ ಒಂದರ ವಯಸ್ಸನ್ನಾಗಲಿ ಸುತ್ತಳತೆಯನ್ನಾಗಲಿ ಹೇಳಬಲ್ಲವರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆ? ಕಡಿಯುವವರು ಕಾಂಡದ ಮೇಲೆ ಬಣ್ಣದಿಂದ ಬರೆದ ಅಂಕೆಯೇ ಆ ಮರಗಳಿಗೆ ಮೊದಲನೆಯ ಹೆಸರೂ ಕೊನೆಯ ಹೆಸರೂ ಆಯಿತು. ಕ್ಯಾಲಿಫೋರ್ನಿಯಾದ ಮರಕ್ಕೆ ಹೊದಿಕೆ, ನಮ್ಮೂರಿನ ಮರಕ್ಕೆ ಅಂಕೆ: ಈ ಭೇದವು ಎಲ್ಲಿಂದ ಬಂದಿತೆಂಬುದೇ ಇಂದು ನಾವು ವಿಚಾರ ಮಾಡತಕ್ಕ ವಿಷಯ.

ಷೆರ್ಮನ್ ಮರವು ಜಗತ್ತಿನಲ್ಲಿ ಎಲ್ಲಕ್ಕಿಂತ ಎತ್ತರವಾದುದಲ್ಲ, ಎಲ್ಲಕ್ಕಿಂತ ಹಳೆಯದೂ ಅಲ್ಲ. ಒಂದೇ ಕಾಂಡದ ಗಾತ್ರವನ್ನು ಲೆಕ್ಕಕ್ಕೆ ಹಿಡಿದರೆ ಮಾತ್ರ ಬದುಕಿರುವ ಮರಗಳಲ್ಲೆಲ್ಲ ಅದೇ ದೊಡ್ಡದು. ಎತ್ತರ ೨೭೫ ಅಡಿ. ನೆಲದ ಮಟ್ಟದಲ್ಲಿ ಸುತ್ತಳತೆ ೧೦೨ ಅಡಿಗಿಂತ ಹೆಚ್ಚು. ಕಾಂಡದ ಗಾತ್ರ ಸುಮಾರು ೫೨,೫೦೦ ಘನ ಅಡಿ. ಅದರ ವಯಸ್ಸು ೨,೨೦೦ ವರ್ಷಗಳಿಗೆ ಕಡಿಮೆಯಿಲ್ಲವೆಂದು ಬಲ್ಲವರ ಎಣಿಕೆ. ಮಸ್ಕಿಯ ಬಂಡೆಯ ಮೇಲೆ ಅಶೋಕ ಚಕ್ರವರ್ತಿಯ ಶಾಸನವನ್ನು ಕೆತ್ತಿದ ಕಾಲಕ್ಕೂ ಆ ಬೀಜವು ಮೊಳೆತ ಕಾಲಕ್ಕೂ ಬಹಳ ಅಂತರವಿರಲಾರದು. ಆದರೂ ಅಂಥ ಮರದ ಬೇರುಗಳು ಆಳವಾಗಿ ಇಳಿಯದೆ ನೆಲದ ಮೇಲುಪದರದಲ್ಲಿಯೇ ದೂರದವರೆಗೆ ಹರಡಿರುತ್ತವೆ. ನೋಡಬಂದವರ ಕಾಲ್ತುಳಿತದಿಂದ ಆ ಬೇರುಗಳು ನೋಯಬಾರದೆಂದು ಸುತ್ತಲೂ ಬೇಲಿ ಹಾಕಿರುವರು. ಎರಡು ಸಾವಿರ ವರ್ಷ ಬಾಳಿದ ಮರವೂ ಮನುಷ್ಯನ ಪಾದಕ್ಕೆ ಅಂಜಬೇಕಾಗಿದೆ ಎಂದಾಯಿತು.

ಇದನ್ನು ಕೇಳಿ, ಆ ದೇಶದವರು ಹುಟ್ಟಿನಿಂದಲೇ ವೃಕ್ಷಪ್ರೇಮಿಗಳೆಂದೂ ನಾವು ಮಾತ್ರ ಕಠಿನಹೃದಯರೆಂದೂ ಯಾರೂ ತಿಳಿಯಬೇಕಾದುದಿಲ್ಲ. ನಿಜಸ್ಥಿತಿಯು ಹಾಗಿರಲಿಲ್ಲ. ೧೮೫೩ರಲ್ಲಿ ಕ್ಯಾಲಿಫೋರ್ನಿಯಾದ ಕಲವೆರಾಸ್ ತೋಪಿನಲ್ಲಿ ಇದೇ ಜಾತಿಯ ಒಂದು ಮಹಾವೃಕ್ಷವನ್ನು ಪ್ರದರ್ಶನದ ಹಣಕ್ಕಾಗಿ ಉರುಳಿಸಿದರು. ಅದನ್ನು ಕಡಿಯುವಷ್ಟು ದೊಡ್ಡ ಗರಗಸವು ಸಿಕ್ಕದ ಕಾರಣ ಐದು ಮಂದಿ ಇಪ್ಪತ್ತೆರಡು ದಿವಸ ಬೈರಿಗೆಗಳಿಂದ ಕಾಂಡವನ್ನು ಕೊರೆದು ಬೀಳಿಸಿದರಂತೆ. ಉಳಿದ ಬೊಡ್ಡೆಯನ್ನು ನಯಗೊಳಿಸಿ ಅದರ ಮೇಲೆ ಕುಣಿತದ ಕೂಟಗಳನ್ನು ನಡೆಸಿದರು. ಮರುವರ್ಷ ಅದೇ ತೋಪಿನ ಇನ್ನೊಂದು ಮರದ ತೊಗಟೆಯನ್ನು ೧೧೬ ಅಡಿ ಎತ್ತರದವರೆಗೆ ಸುಲಿದು, ನ್ಯೂಯಾರ್ಕಿಗೂ ಆಮೇಲೆ ಲಂಡನ್ನಿಗೂ ಸಾಗಿಸಿ, ಟಿಕೆಟು ಮಾರಿ ತೋರಿಸಿದರು. ಚರ್ಮ ಸುಲಿದ ಆ ಮರವು ನಿಂತಲ್ಲಿಯೇ ಸತ್ತಿತು. ಮುಂದೆ ಮರದ ವ್ಯಾಪಾರಿಗಳು ಬಂದರು. ಈ ಜಾತಿಯ ದಿಮ್ಮಿಯು ಹುಡಿಯಾಗಿ ಒಡೆಯುವಂಥದು. ಬಿದ್ದ ಪೆಟ್ಟಿಗೇ ಎಷ್ಟೋ ಕಾಂಡಗಳು ಚೂರುಚೂರಾದವು. ಸಾವಿರಾರು ವರ್ಷ ಬೆಳೆದುದರಿಂದ ಕೊನೆಗೆ ದೊರೆತದ್ದು ಬೇಲಿಯ ಗೂಟ ಮತ್ತು ಮಾಡಿನ ಹಲಗೆ.

ಇಂಥ ಜನರ ನಡುವೆಯೇ ೧೮೯೦ರಲ್ಲಿ ಕಾನೂನು ಹುಟ್ಟಿ ಷೆರ್ಮನ್ ಮರವಿರುವ ಕಾಡು ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಯಿತು. ಮೂವತ್ತೇಳು ವರ್ಷಗಳಲ್ಲಿ ಅಲ್ಲಿಯ ಜನರ ಸ್ವಭಾವವೆಲ್ಲ ಬದಲಾಗಿಹೋಯಿತೆಂದು ನಾವು ನಂಬುವುದಿಲ್ಲ. ಬದಲಾದುದು ಇಷ್ಟೇ: ಮರಕ್ಕೊಂದು ಹೆಸರು ಬಂದಿತು, ಅಳತೆ ಬಂದಿತು, ಅದು ಸಾರ್ವಜನಿಕ ಕಡತದಲ್ಲಿ ದಾಖಲಾಯಿತು, ಅದಕ್ಕೆ ಕೇಡು ಬಂದರೆ ಉತ್ತರ ಹೇಳಬೇಕಾದ ಒಬ್ಬ ಅಧಿಕಾರಿಯು ನೇಮಕವಾದನು. ಉಳಿದುದೆಲ್ಲ ಆ ನಾಲ್ಕರ ಫಲ. ೨೦೨೧ರ ಹೊದಿಕೆಯೂ ಅದರದೇ ಫಲ. ಮರವನ್ನು ಉಳಿಸುವುದು ಬೆರಗಲ್ಲ, ಭಕ್ತಿಯೂ ಅಲ್ಲ, ಹೊಣೆ.

ನಮ್ಮ ಕನ್ನಡ ನಾಡಿನಲ್ಲಿಯೂ ಈ ಮಾತಿಗೆ ಸಾಕ್ಷ್ಯವಿಲ್ಲದೆ ಇಲ್ಲ. ಬೆಂಗಳೂರಿನ ಪಶ್ಚಿಮಕ್ಕೆ ಕೇತೋಹಳ್ಳಿಯಲ್ಲಿ ಸುಮಾರು ಮೂರು ಎಕರೆಗಳಷ್ಟು ನೆಲವನ್ನು ಆವರಿಸಿ ನಿಂತಿರುವ ದೊಡ್ಡ ಆಲದ ಮರವು ನಾಲ್ಕು ನೂರು ವರ್ಷಗಳದೆಂದು ಪ್ರತೀತಿ. ಅದರ ಮೂಲಕಾಂಡವು ರೋಗಕ್ಕೆ ತುತ್ತಾಗಿ ನಾಶವಾಗಿ ದಶಕಗಳೇ ಕಳೆದರೂ, ಬಿಳಲುಗಳು ಕಂಬಗಳಾಗಿ ನಿಂತು ಅದರ ಹೆಸರನ್ನು ಹೊತ್ತಿವೆ. ದೇವನಹಳ್ಳಿಯ ಸಮೀಪದ ನಲ್ಲೂರಿನ ಹುಣಸೆ ತೋಪು ೨೦೦೭ರಲ್ಲಿ ಭಾರತದ ಪ್ರಪ್ರಥಮ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾಯಿತು. ಹುಣಸೆಯಂಥ ಮನೆಮಾತಿನ ಮರಕ್ಕೆ ಇಡೀ ದೇಶದಲ್ಲಿಯೇ ಮೊದಲನೆಯ ಈ ಗೌರವವು ಸಂದುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ.

ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ದೊಡ್ಡಹುಣಸೆ ಮಠದ ಆವರಣದಲ್ಲಿ ಮೂರು ಮಹಾವೃಕ್ಷಗಳಿವೆ. ಹೆಸರು ದೊಡ್ಡ ಹುಣಸೆಯಾದರೂ ಅವು ನಮ್ಮ ಹುಣಸೆಯಲ್ಲ. ಆಫ್ರಿಕಾ ಖಂಡದ ಬಾವೋಬಾಬ್ ಜಾತಿಯವು. ಯಾವ ಕಾಲದಲ್ಲಿ ಯಾರು ತಂದರೋ, ಬಂದ ಅತಿಥಿಯನ್ನು ಊರು ತನ್ನ ಭಾಷೆಯ ಹೆಸರಿನಿಂದ ಕರೆದು ತನ್ನದನ್ನಾಗಿ ಮಾಡಿಕೊಂಡಿತು. ೨೦೨೩ರ ಜುಲೈ ತಿಂಗಳಿನ ಮಳೆಯಲ್ಲಿ ಅವುಗಳಲ್ಲೊಂದು ಬುಡಮೇಲಾಗಿ ಬಿದ್ದಿತು. ಹೆಸರಿಲ್ಲದ ಮರವಾಗಿದ್ದರೆ ಮರುದಿನವೇ ಗರಗಸವು ಬರುತ್ತಿದ್ದಿತು. ಇಲ್ಲಿಯಾದರೋ ಯಂತ್ರಗಳನ್ನು ತರಿಸಿ, ಕೊಂಬೆಗಳನ್ನು ಸವರಿ, ಅದನ್ನು ಮತ್ತೆ ಎತ್ತಿ ನಿಲ್ಲಿಸಿದರು. ಷೆರ್ಮನ್ ಮರಕ್ಕೆ ಹೊದಿಕೆ ಹೊದಿಸಿದವರಿಗಿಂತ ಈ ಕೆಲಸ ಮಾಡಿದವರು ಯಾವ ವಿಧದಲ್ಲಿಯೂ ಕಡಿಮೆಯವರಲ್ಲ.

ಮಾಗಡಿ ತಾಲೂಕಿನ ಹುಲಿಕಲ್ಲಿನ ತಿಮ್ಮಕ್ಕನವರ ಕಥೆಯನ್ನು ವಾಚಕರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಮಕ್ಕಳಿಲ್ಲದ ಆ ದಂಪತಿಗಳು ಹುಲಿಕಲ್ಲಿನಿಂದ ಕುದೂರಿನ ದಾರಿಯಲ್ಲಿ ಆಲದ ಸಸಿಗಳನ್ನು ನೆಟ್ಟು, ಕೊಡದಲ್ಲಿ ನೀರು ಹೊತ್ತು ಬೆಳೆಸಿದರು. ಅವು ೩೮೫ ಎಂದು ನಾಡು ಲೆಕ್ಕವಿಟ್ಟಿದೆ. ೨೦೧೯ರಲ್ಲಿ ಆಕೆಗೆ ಪದ್ಮಶ್ರೀ ಬಂದಿತು. ಅದೇ ವರ್ಷ ಆ ದಾರಿಯನ್ನು ಅಗಲಿಸುವ ಯೋಜನೆಯೂ ಬಂದಿತು. ನೂರು ದಾಟಿದ ಆ ಮುದುಕಿಯು ಮುಖ್ಯಮಂತ್ರಿಗಳಲ್ಲಿ ಮೊರೆಯಿಟ್ಟಳು. ಮರಗಳಿಗೆ ಆಕೆಯ ಹೆಸರಿದ್ದುದರಿಂದ ಮೊರೆಯನ್ನು ಕೇಳದೆ ಇರುವುದು ಸರಕಾರಕ್ಕೆ ಸಾಧ್ಯವಾಗಲಿಲ್ಲ. ೨೦೨೫ರ ನವೆಂಬರಿನಲ್ಲಿ ತಿಮ್ಮಕ್ಕನವರು ಕಾಲವಾದರು. ಇನ್ನು ಮುಂದೆ ಆ ಮರಗಳ ಪರವಾಗಿ ಮೊರೆಯಿಡುವ ಭಾರವು ನಮ್ಮ ನಿಮ್ಮ ಮೇಲೆ ಬಿದ್ದಿದೆ.

ಈಗ ನಮ್ಮ ಕರಾವಳಿಗೆ ಬರೋಣ. ತುಳುನಾಡಿನವರು ಮರಕ್ಕೆ ಮರ್ಯಾದೆ ಕೊಡದವರೆಂದು ಹೇಳುವ ಧೈರ್ಯ ಯಾರಿಗಿದೆ? ಮನೆತನಕ್ಕೊಂದು ನಾಗಬನ, ಊರಿಗೊಂದು ಅಶ್ವತ್ಥದ ಕಟ್ಟೆ, ಬನದ ಮರಕ್ಕೆ ಕತ್ತಿಯನ್ನು ತಾಗಿಸಬಾರದೆಂಬ ಕಟ್ಟುಪಾಡು ನಮ್ಮ ಹಿರಿಯರು ಕೊಟ್ಟುಹೋದ ಆಸ್ತಿ. ಆಟಿಯ ಅಮಾವಾಸ್ಯೆಯ ನಸುಕಿನಲ್ಲಿ ಹಾಲೆಮರದ ತೊಗಟೆಯನ್ನು ಕಬ್ಬಿಣದಿಂದ ಕಡಿಯದೆ ಕಲ್ಲಿನಿಂದ ಜಜ್ಜಿ ತರುವ ಪದ್ಧತಿಯು ಇಂದಿಗೂ ಮನೆಮನೆಗಳಲ್ಲಿ ನಡೆದಿದೆ. ಔಷಧಿಗಾಗಿ ಮರದಿಂದ ಒಂದು ತುಣುಕನ್ನು ಪಡೆಯುವಾಗಲೂ ಅದಕ್ಕೆ ಹೆಚ್ಚು ನೋವಾಗಬಾರದೆಂಬ ದಾಕ್ಷಿಣ್ಯವನ್ನು ಇದರಲ್ಲಿ ಕಾಣಬಹುದು.

ಆದರೆ ಇಂದಿನ ನಾಗಬನಗಳನ್ನು ಕಣ್ಣೆತ್ತಿ ನೋಡಿದರೆ ಏನು ಕಾಣುತ್ತದೆ? ಎಷ್ಟೋ ಕಡೆಗಳಲ್ಲಿ ಜೀರ್ಣೋದ್ಧಾರವೆಂಬ ಹೆಸರಿನಿಂದ ಮರಬಳ್ಳಿಗಳನ್ನು ತೆಗೆದು, ನೆಲಕ್ಕೆ ಸಿಮೆಂಟು ಸುರಿದು, ಸುತ್ತಲೂ ಗೋಡೆಯೆಬ್ಬಿಸಿ, ಬಿಸಿಲಿನಲ್ಲಿ ಹೊಳೆಯುವ ಕಲ್ಲಿನ ಕಟ್ಟೆಯನ್ನು ಕಟ್ಟಿರುವರು. ನಾಗನಿಗೆ ಕಟ್ಟೆ ದೊರೆಯಿತು, ಬನ ಹೋಯಿತು. ಉಳಿಸಿಕೊಂಡ ಒಂದೆರಡು ಮರಗಳ ಬುಡಕ್ಕೂ ಉಸಿರಾಡಲು ಒಂದು ಗೇಣು ಮಣ್ಣನ್ನು ಬಿಟ್ಟಿರುವುದಿಲ್ಲ. ಇದನ್ನು ಮಾಡಿದವರು ಭಕ್ತಿಯಿಲ್ಲದವರಲ್ಲ. ಭಕ್ತಿಯಿಂದಲೇ, ಸಾಲ ಮಾಡಿಯಾದರೂ ಮಾಡಿರುವರು. ಭಕ್ತಿಯೊಂದೇ ಮರವನ್ನು ಉಳಿಸಲಾರದೆಂದು ನಾವು ಮೇಲೆ ಹೇಳಿದುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಕಾಗಿಲ್ಲ.

ತಿಳಿವಳಿಕೆಯಿಲ್ಲದ ರಕ್ಷಣೆಯು ಹೇಗೆ ಕೇಡಾಗುವುದೆಂಬುದನ್ನು ಷೆರ್ಮನ್ ಮರದ ಕಾಡೂ ಕಲಿಸಿದೆ. ಆ ಜಾತಿಯ ಮರದ ತೊಗಟೆಯು ಬಹಳ ದಪ್ಪ. ಸಣ್ಣ ಬೆಂಕಿಯು ಅದಕ್ಕೆ ಶತ್ರುವಲ್ಲ. ಬೆಂಕಿಯ ಬಿಸಿಗೆ ಕಾಯಿ ಬಿರಿದು ಬೀಜ ಉದುರಬೇಕು, ಬೂದಿಯಿಂದ ಹಸನಾದ ನೆಲದಲ್ಲಿ ಅದು ಮೊಳೆಯಬೇಕು. ಅಲ್ಲಿಯ ಮೂಲನಿವಾಸಿಗಳು ಇದನ್ನು ಅರಿತು ಕಾಡಿಗೆ ಆಗಾಗ ತೆಳುವಾಗಿ ಬೆಂಕಿಯಿಡುತ್ತಿದ್ದರು. ಹೊಸ ಆಡಳಿತದವರು ಬೆಂಕಿಯೆಂದರೆ ಕೇಡೆಂದು ಬಗೆದು ಬಹುಕಾಲ ಕಿಡಿಯನ್ನೂ ಆರಿಸುತ್ತ ಬಂದರು. ತರಗೂ ಪೊದೆಯೂ ಒಟ್ಟಿದವು, ಹವೆಯೂ ಬಿಸಿಯೇರಿತು; ೨೦೨೦ ಮತ್ತು ೨೦೨೧ರ ಎರಡು ಬೇಸಗೆಗಳ ಕಾಳ್ಗಿಚ್ಚಿನಲ್ಲಿ ಆ ಜಾತಿಯ ದೊಡ್ಡ ಮರಗಳ ಪೈಕಿ ಸುಮಾರು ಐದರಲ್ಲೊಂದು ಪಾಲಿನಷ್ಟು ನಾಶವಾದುವೆಂದು ಅಲ್ಲಿಯ ಅಧಿಕಾರಿಗಳೇ ಅಂದಾಜು ಮಾಡಿರುವರು. ಹೊದಿಕೆಯನ್ನು ಸುತ್ತಬೇಕಾದ ಕಾಲವು ಬಂದುದು ಹೀಗೆ.

ನಮ್ಮ ಬಿಳಿಗಿರಿರಂಗನ ಬೆಟ್ಟದಲ್ಲಿಯೂ ಇದೇ ಕಥೆ. ಅಲ್ಲಿ ದೊಡ್ಡ ಸಂಪಿಗೆಯ ಮರವನ್ನು ದೇವರೆಂದು ಪೂಜಿಸುವ ಸೋಲಿಗರು ತರಗು ಬೆಂಕಿಯೆಂಬ ತೆಳು ಬೆಂಕಿಯಿಂದ ಕಾಡನ್ನು ಶುಚಿಮಾಡುತ್ತಿದ್ದರು. ೧೯೭೪ರಲ್ಲಿ ಅದು ಅಭಯಾರಣ್ಯವಾದ ಮೇಲೆ ಆ ಪದ್ಧತಿಯು ನಿಂತುಹೋಯಿತು; ಲಂಟಾನದ ಮುಳ್ಳುಪೊದೆಯು ಕಾಡನ್ನು ಕವಿಯಿತೆಂದು ಸೋಲಿಗರು ಹೇಳುತ್ತ ಬಂದಿರುವರು. ೨೦೧೧ರಲ್ಲಿ ಸರಕಾರವು ಅವರ ಸಾಮೂಹಿಕ ಅರಣ್ಯ ಹಕ್ಕುಗಳನ್ನು ಮಾನ್ಯ ಮಾಡಿತು. ಮರವನ್ನು ಬಲ್ಲವರನ್ನು ಕೇಳದೆ ಮರವನ್ನು ಕಾಯಲಾಗದೆಂಬುದು ಎರಡು ಖಂಡಗಳ ಅನುಭವದಿಂದಲೂ ಸಿದ್ಧವಾದ ಮಾತು.

ಇಲ್ಲಿ ಒಂದು ಆಕ್ಷೇಪಣೆಯು ಬರುವುದು ಸಹಜ. "ರಸ್ತೆ ಬೇಡವೇ? ಆಸ್ಪತ್ರೆಗೆ ಹೋಗುವ ರೋಗಿಯೂ ಶಾಲೆಗೆ ಹೋಗುವ ಮಗುವೂ ನಿಮ್ಮ ಆಲದ ನೆರಳಿನಲ್ಲಿ ಕಾಯಬೇಕೇ?" ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಇಕ್ಕಟ್ಟಾದ ಹೆದ್ದಾರಿಯಲ್ಲಿ ಪ್ರಾಣ ಕಳೆದುಕೊಂಡವರ ಮನೆಗಳು ನಮ್ಮ ಜಿಲ್ಲೆಯಲ್ಲಿ ಕಡಿಮೆಯಿಲ್ಲ. ರಸ್ತೆ ಬೇಕು, ಕೆಲವು ಮರಗಳು ಹೋಗಲೂ ಬೇಕಾಗಬಹುದು. ಆದರೆ ಯಾವುದು ಹೋಗಬೇಕು, ಯಾವುದು ಉಳಿಯಬೇಕು, ಯಾವುದನ್ನು ಬಳಸಿ ದಾರಿಯನ್ನು ಹತ್ತು ಮಾರು ಸರಿಸಬಹುದು ಎಂಬ ವಿವೇಚನೆಯು ನಕಾಶೆಯನ್ನು ಬರೆಯುವಾಗಲೇ ನಡೆಯತಕ್ಕುದು. ನಕಾಶೆ ಮುಗಿದು, ಟೆಂಡರು ಆಗಿ, ಗರಗಸವು ಬಂದು ನಿಂತ ಮೇಲೆ ನಾಲ್ಕು ಮಂದಿ ಮರವನ್ನು ಅಪ್ಪಿಕೊಂಡು ನಿಲ್ಲುವುದು ಸಾಹಸವೇ ಸರಿ, ಆಡಳಿತವಲ್ಲ.

ಕಡಿದ ಒಂದಕ್ಕೆ ಹತ್ತು ಸಸಿಗಳನ್ನು ನೆಡುವೆವೆಂಬ ಸಮಾಧಾನದ ಮಾತೂ ನಮಗೆ ಒಪ್ಪಿಗೆಯಾಗುವುದಿಲ್ಲ. ಸಸಿಗಳನ್ನು ನೆಡಬೇಕು, ಎಂದೆಂದಿಗೂ ನೆಡಬೇಕು. ಆದರೆ ಮನೆಯ ಹಿರಿಯನನ್ನು ಹೊರಗಟ್ಟಿ, ಬದಲಿಗೆ ಹತ್ತು ತೊಟ್ಟಿಲು ಕಟ್ಟಿಸುವೆನೆಂದು ಹೇಳುವ ಯಜಮಾನನನ್ನು ಯಾರಾದರೂ ಮೆಚ್ಚುವರೇ? ನೂರು ವರ್ಷದ ಆಲದ ನೆರಳು, ಅದರ ಹಣ್ಣು, ಅದರಲ್ಲಿ ಗೂಡು ಕಟ್ಟಿದ ಹಕ್ಕಿಗಳ ಸಂಸಾರ ಮತ್ತೆ ಬರಬೇಕಾದರೆ ನೂರು ವರ್ಷವೇ ಬೇಕು. ಆ ಕಾಲವನ್ನು ಯಾವ ಟೆಂಡರಿನಿಂದಲೂ ಕೊಂಡು ತರಲಾಗದು.

ಹಾಗಾದರೆ ಮಾಡಬೇಕಾದುದೇನು? ಹೊಸ ಕಾನೂನು ಬೇಕಾಗಿಲ್ಲ. ಇದ್ದುದನ್ನು ಉಪಯೋಗಿಸಿದರೆ ಸಾಕು. ಕರ್ನಾಟಕದ ೧೯೭೬ರ ವೃಕ್ಷ ಸಂರಕ್ಷಣಾ ಕಾಯಿದೆಯ ಪ್ರಕಾರ ಮರವನ್ನು ಕಡಿಯಲು ವೃಕ್ಷಾಧಿಕಾರಿಯ ಅಪ್ಪಣೆ ಬೇಕು. ಸಾರ್ವಜನಿಕ ಕಾರ್ಯಕ್ಕಾಗಿ ಐವತ್ತಕ್ಕಿಂತ ಹೆಚ್ಚು ಮರಗಳನ್ನು ಕಡಿಯುವುದಾದರೆ ಪ್ರಕಟಣೆಯನ್ನು ಹೊರಡಿಸಿ ಜನರ ಆಕ್ಷೇಪಣೆಗಳನ್ನು ಕೇಳತಕ್ಕುದು. ಕೇಂದ್ರದ ೨೦೦೨ರ ಜೀವವೈವಿಧ್ಯ ಕಾಯಿದೆಯ ೪೧ನೆಯ ಪ್ರಕರಣವು ಪ್ರತಿಯೊಂದು ಸ್ಥಳೀಯ ಸಂಸ್ಥೆಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯಿರಬೇಕೆಂದು ವಿಧಿಸಿದೆ. ಊರಿನ ಗಿಡಮರ ಪ್ರಾಣಿಗಳ ದಾಖಲೆಯಾದ ಜನತಾ ಜೀವವೈವಿಧ್ಯ ದಾಖಲಾತಿಯು ಆ ಸಮಿತಿಯ ಕೈಯಲ್ಲಿಯೇ ಇದೆ. ೩೭ನೆಯ ಪ್ರಕರಣದಂತೆ ರಾಜ್ಯ ಸರಕಾರವು ಸ್ಥಳೀಯ ಸಂಸ್ಥೆಗಳೊಡನೆ ಸಮಾಲೋಚಿಸಿ ಪಾರಂಪರಿಕ ತಾಣಗಳನ್ನು ಘೋಷಿಸಬಹುದು; ನಲ್ಲೂರಿನ ಹುಣಸೆಯು ಉಳಿದುದು ಈ ದಾರಿಯಿಂದಲೇ. ಗ್ರಾಮಸ್ವರಾಜ್ಯವೆಂದು ವೇದಿಕೆಗಳ ಮೇಲೆ ಹೇಳುವ ನಾವು, ಗ್ರಾಮದ ಕೈಗೆ ನಿಜವಾಗಿಯೇ ಬಂದಿರುವ ಈ ಅಧಿಕಾರವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರೆ ತಪ್ಪು ಯಾರದು?

ಆದುದರಿಂದ ಉದ್ಯಾವರದಂಥ ಊರುಗಳ ಮಹಾಜನರಲ್ಲಿ ನಮ್ಮ ಸೂಚನೆಯು ಇಷ್ಟು. ಎದೆಯೆತ್ತರದಲ್ಲಿ ಹತ್ತು ಅಡಿಗಿಂತ ಹೆಚ್ಚು ಸುತ್ತಳತೆಯುಳ್ಳ ಪ್ರತಿಯೊಂದು ಮರವನ್ನೂ, ಅದು ದಾರಿಯಲ್ಲಿರಲಿ, ಹೊಳೆಯ ದಂಡೆಯಲ್ಲಿರಲಿ, ಬನದಲ್ಲಿರಲಿ, ಒಂದು ಬೇಸಗೆಯ ರಜೆಯಲ್ಲಿ ಅಳೆದು ಬರೆಯಿರಿ. ಈ ಕೆಲಸಕ್ಕೆ ಶಾಲೆಯ ಉಪಾಧ್ಯಾಯರೂ ಮಕ್ಕಳೂ, ಮರದ ಗುಣವನ್ನು ಬಲ್ಲ ಊರಿನ ಹಿರಿಯರೂ ಸಾಕು. ಬೇಕಾದ ಉಪಕರಣವು ಒಂದು ಅಳತೆಯ ಟೇಪು. ಮರದ ಜಾತಿ, ಸ್ಥಳ, ಅಳತೆ, ಊರವರು ಕರೆಯುವ ಹೆಸರು ಇವನ್ನು ದಾಖಲಾತಿಗೆ ಸೇರಿಸಿ, ಅದರ ಪ್ರತಿಯನ್ನು ಲೋಕೋಪಯೋಗಿ ಮತ್ತು ಹೆದ್ದಾರಿಯ ಅಧಿಕಾರಿಗಳಿಗೆ ಮುಂಚಿತವಾಗಿಯೇ ತಲುಪಿಸಿರಿ. ಬನಗಳ ಯಜಮಾನರು ಜೀರ್ಣೋದ್ಧಾರಕ್ಕೆ ಕೈಹಾಕುವ ಮುನ್ನ ಶಿಲ್ಪಿಯನ್ನು ಕೇಳುವಂತೆಯೇ ಮರವನ್ನು ಬಲ್ಲವರನ್ನೂ ಒಂದು ಮಾತು ಕೇಳಲಿ. ಅಧಿಕಾರಿಗಳಲ್ಲಿ ನಮ್ಮ ವಿಜ್ಞಾಪನೆಯು ಇನ್ನೂ ಚಿಕ್ಕದು: ಆ ಪಟ್ಟಿಯನ್ನು ನಕಾಶೆಯ ಮೇಜಿನ ಮೇಲೆ ಇಟ್ಟುಕೊಳ್ಳಿರಿ.

ಇದು ಆಗದ ಹೋಗದ ಕೆಲಸವೆಂದು ಹೇಳುವವರು ಉದ್ಯಾವರದ ನೆರೆಯ ಮಟ್ಟುವಿನ ಕಡೆಗೆ ಒಮ್ಮೆ ನೋಡಲಿ. ಆ ಊರಿನವರು ತಮ್ಮ ಗದ್ದೆಯ ಗುಳ್ಳವನ್ನು ೨೦೧೧ರಲ್ಲಿ ಭೌಗೋಳಿಕ ಸೂಚಕದ ಪಟ್ಟಿಗೆ ಸೇರಿಸಿದರು. ಒಂದು ಬದನೆಕಾಯಿಗೆ ದೊರೆತ ದಾಖಲೆಯ ಮರ್ಯಾದೆಯು ಅಜ್ಜನ ಅಜ್ಜನನ್ನು ಕಂಡ ಆಲದ ಮರಕ್ಕೆ ದೊರೆಯಬಾರದೇ?

ಉದ್ಯಾವರಕ್ಕಾದರೋ ಬರೆದಿಡುವ ವಿದ್ಯೆಯು ಹೊಸದಲ್ಲ. ಆಳುಪ ಅರಸರ ಕಾಲದಲ್ಲಿ ಅದು ಉದಯಪುರವೆಂಬ ರಾಜಧಾನಿಯಾಗಿದ್ದಿತು. ಆ ನಗರಕ್ಕಾಗಿ ನಡೆದ ಕಾಳಗಗಳಲ್ಲಿ ಮಡಿದ ವೀರರ ಹೆಸರುಗಳನ್ನು ಸಾವಿರ ವರ್ಷಗಳಿಗೂ ಹಿಂದೆ ಹಳಗನ್ನಡದಲ್ಲಿ ಕಲ್ಲಿನ ಮೇಲೆ ಕೆತ್ತಿದರು. ಅರಮನೆ ಹೋಯಿತು, ಕೋಟೆ ಹೋಯಿತು. ಬರೆದಿಟ್ಟ ಹೆಸರುಗಳು ಉಳಿದವು. ಸತ್ತವರ ಹೆಸರನ್ನು ಕಲ್ಲಿನಲ್ಲಿ ಉಳಿಸಿದ ಊರು ಬದುಕಿರುವ ಹಿರಿಯರ ಹೆಸರನ್ನು ಕಾಗದದಲ್ಲಿಯಾದರೂ ಬರೆಯಲಿ. ಮುಂದಿನ ರಸ್ತೆಯ ನಕಾಶೆಯು ಬರುವ ಮುನ್ನವೇ ಬರೆಯಲಿ.